ಸರ್ಪಸುತ್ತು ಅರ್ಧಕ್ಕೇಕೆ ನಿಲ್ಲುತ್ತದೆ?

ಸರ್ಪಸುತ್ತು ಎಂಬ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಎದೆಯ ಅಥವಾ ಸೊಂಟದ ಒಂದು ಪಾರ್ಶ್ವದಲ್ಲಿ ಮೊದಲು ಉರಿ ಕಾಣಿಸಿಕೊಳ್ಳುತ್ತದೆ. ತರುವಾಯ ಚರ್ಮ ಕೆಂಪಾಗುತ್ತದೆ. ಅದರ ಮೇಲೆ ನೀರು ತುಂಬಿದ ಗುಳ್ಳೆಗಳು ಗೊಂಚಲು ಗೊಂಚಲಾಗಿ ಏಳುತ್ತವೆ. ಈ ಗುಳ್ಳೆಗಳ ಸಾಲು ಬೆನ್ನಿನಿಂದ ಹೊರಟು ಪಕ್ಕೆಯನ್ನು ಬಳಸಿ ಮುಂದಕ್ಕೆ ಬರುವ ರೀತಿಯನ್ನು ಕಂಡು, ಹಾವೊಂದು ಮೈಗೆ ಸುತ್ತಿಕೊಳ್ಳುತ್ತಿದೆಯೆಂದು ಹಿಂದಿನವರು ಭಾವಿಸಿದರು. ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿ ಉಳಿಯನೆಂಬ ಭಯ ಹಳ್ಳಿಗಳಲ್ಲಿ ಇಂದಿಗೂ ಇದೆ. ನಾಗರ ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯಲ್ಲಿ, ಹಾವಿನ ಹೆಸರು ಹೊತ್ತ ರೋಗದ ವಿಷಯದಲ್ಲಿ ಭಯವೂ ಭಕ್ತಿಯೂ ಕೂಡಿಕೊಳ್ಳುವುದು ಸಹಜವೇ ಸರಿ.

ಆದರೆ ಸೂಕ್ಷ್ಮವಾಗಿ ನೋಡಿದವರಿಗೆ ಒಂದು ಸೋಜಿಗ ಕಾಣುತ್ತದೆ. ಈ ಹಾವು ತನ್ನ ಸುತ್ತನ್ನು ಪೂರ್ತಿ ಮಾಡುವುದಿಲ್ಲ. ಬೆನ್ನೆಲುಬಿನ ಬಳಿ ಆರಂಭವಾದ ಗುಳ್ಳೆಗಳ ಸಾಲು ಎದೆಯ ಅಥವಾ ಹೊಟ್ಟೆಯ ನಟ್ಟನಡುವಿಗೆ ಬಂದು, ಯಾರೋ ಗೆರೆ ಎಳೆದು ತಡೆದಂತೆ ನಿಂತುಬಿಡುತ್ತದೆ. ಎಡಗಡೆಯ ಸರ್ಪ ಬಲಗಡೆಗೆ ದಾಟುವುದಿಲ್ಲ. ಬಲಗಡೆಯದು ಎಡಕ್ಕೆ ಬಾರದು. ಹೀಗೇಕೆ? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ರೋಗದ ಸ್ವರೂಪ, ಅದರ ಕಾರಣ, ಅದರ ಚಿಕಿತ್ಸೆ ಎಲ್ಲವೂ ಒಂದೊಂದಾಗಿ ತಿಳಿಯುತ್ತವೆ. ನಾವು ನಿಜವಾಗಿ ಭಯಪಡಬೇಕಾದುದು ಏನನ್ನು ಎಂಬುದೂ ತಿಳಿಯುತ್ತದೆ.

ಹೆಸರಿನ ಸ್ವಾರಸ್ಯ

ವೈದ್ಯರು ಈ ರೋಗವನ್ನು ಹರ್ಪಿಸ್ ಜೋಸ್ಟರ್ ಎಂದು ಕರೆಯುತ್ತಾರೆ. ಇವೆರಡೂ ಗ್ರೀಕ್ ಮೂಲದ ಪದಗಳು. ಮೊದಲನೆಯದಕ್ಕೆ ತೆವಳುವುದು, ಹರಿದಾಡುವುದು ಎಂದು ಅರ್ಥ. ಎರಡನೆಯದಕ್ಕೆ ನಡುಪಟ್ಟಿ ಎಂದು ಅರ್ಥ. ಆ ಗ್ರೀಕ್ ಪದದ ಧಾತುವೂ ಸಂಸ್ಕೃತದ ‘ಸರ್ಪ’ ಶಬ್ದದ ಧಾತುವೂ ಮೂಲದಲ್ಲಿ ಒಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಇಂಗ್ಲಿಷಿನ ಶಿಂಗಲ್ಸ್ ಎಂಬ ಹೆಸರು ಸಹ ನಡುಪಟ್ಟಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಹೀಗೆ ಒಬ್ಬರನ್ನೊಬ್ಬರು ಅರಿಯದ ಜನ ಬೇರೆ ಬೇರೆ ದೇಶಗಳಲ್ಲಿ ಈ ರೋಗವನ್ನು ನೋಡಿ, ಹೆಚ್ಚುಕಡಮೆ ಒಂದೇ ಹೆಸರನ್ನು ಇಟ್ಟರು. ನಮ್ಮ ಹಿರಿಯರ ಕಣ್ಣು ಚುರುಕಾಗಿಯೇ ಇತ್ತು. ಅವರು ಕಂಡುದು ಸರಿ. ಕಂಡುದಕ್ಕೆ ಕಲ್ಪಿಸಿದ ಕಾರಣ ಮಾತ್ರ ಸರಿಯಲ್ಲ.

ದೇಹದ ತಂತಿಗಳು

ಒಂದು ಮನೆಯನ್ನು ಊಹಿಸೋಣ. ಅದರ ಎಡಭಾಗದ ದೀಪಗಳಿಗೆಲ್ಲ ಒಂದು ಫ್ಯೂಸು, ಬಲಭಾಗದವಕ್ಕೆ ಇನ್ನೊಂದು. ಒಂದು ರಾತ್ರಿ ಎಡಭಾಗದ ದೀಪಗಳೆಲ್ಲ ಒಮ್ಮೆಲೇ ಮಿನುಗತೊಡಗಿದರೆ, ಬುದ್ಧಿವಂತನಾದವನು ಒಂದೊಂದೇ ದೀಪವನ್ನು ಬಿಚ್ಚಿ ಪರೀಕ್ಷಿಸುವುದಿಲ್ಲ. ದೋಷ ಆ ಸಾಲಿಗೆ ವಿದ್ಯುತ್ತನ್ನು ಒಯ್ಯುವ ತಂತಿಯಲ್ಲಿ ಅಥವಾ ಅದರ ಬುಡದಲ್ಲಿ ಇದೆಯೆಂದು ಕೂಡಲೇ ಊಹಿಸುತ್ತಾನೆ.

ನಮ್ಮ ಚರ್ಮಕ್ಕೂ ಇಂತಹದೇ ಏರ್ಪಾಡಿದೆ. ಬೆನ್ನುಹುರಿಯಿಂದ ೩೧ ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದು ಜೊತೆಯಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದೊಂದು ನರವೂ ಚರ್ಮದ ಒಂದೊಂದು ಪಟ್ಟಿಯ ಸ್ಪರ್ಶ, ಶಾಖ, ನೋವುಗಳ ಸುದ್ದಿಯನ್ನು ಬೆನ್ನುಹುರಿಗೆ ತಲುಪಿಸುತ್ತದೆ. ಎದೆಯ ಭಾಗದ ನಾಲ್ಕನೆಯ ನರದ ಪಟ್ಟಿ ಮೊಲೆತೊಟ್ಟಿನ ಮಟ್ಟದಲ್ಲಿದೆ. ಹತ್ತನೆಯದರ ಪಟ್ಟಿ ಹೊಕ್ಕುಳಿನ ಮಟ್ಟದಲ್ಲಿದೆ. ಮುಖದ ಸುದ್ದಿಯನ್ನು ಒಯ್ಯುವುದಕ್ಕೆ ಮೂರು ಕವಲುಗಳುಳ್ಳ ಬೇರೊಂದು ನರ ಮಿದುಳಿನಿಂದಲೇ ಹೊರಡುತ್ತದೆ. ಎಡಗಡೆಯ ನರದ ಆಡಳಿತ ಎಡಗಡೆಗೆ ಮಾತ್ರ. ದೇಹದ ನಡುಗೆರೆಯ ಬಳಿ ಅದು ಮುಗಿಯುತ್ತದೆ.

ಈಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಸರ್ಪಸುತ್ತಿನ ಗುಳ್ಳೆಗಳು ಒಂದೇ ನರದ ಪಟ್ಟಿಯನ್ನು ಅನುಸರಿಸಿ ಏಳುತ್ತವೆ. ನರ ಎಲ್ಲಿ ಮುಗಿಯುವುದೋ ಅಲ್ಲಿ ಗುಳ್ಳೆಗಳೂ ನಿಲ್ಲುತ್ತವೆ. ಆದುದರಿಂದ ತಲೆ ಬಾಲಗಳು ಕೂಡುವ ಭಯಕ್ಕೆ ಆಧಾರವಿಲ್ಲ. ರೋಗನಿರೋಧಕ ಶಕ್ತಿ ತೀರ ಕುಗ್ಗಿದ ಕೆಲವರಲ್ಲಿ ಮಾತ್ರ ಗುಳ್ಳೆಗಳು ಪಟ್ಟಿಯನ್ನು ಮೀರಿ ಮೈಯೆಲ್ಲ ಹರಡುವುದುಂಟು. ಅಂತಹವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿಯೂ ಅಪಾಯಕ್ಕೆ ಕಾರಣ ಕುಗ್ಗಿದ ಶಕ್ತಿಯೇ ಹೊರತು ಕೂಡಿದ ಸುತ್ತಲ್ಲ.

ದೋಷ ತಂತಿಯ ಬುಡದಲ್ಲಿದೆ ಎಂಬುದನ್ನು ಕಣ್ಣಾರೆ ತೋರಿಸಿಕೊಟ್ಟವರು ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು. ಸರ್ಪಸುತ್ತು ಬಂದಿದ್ದು, ಮುಂದೆ ಬೇರೆ ಬೇರೆ ಕಾರಣಗಳಿಂದ ಮೃತರಾದ ೨೧ ಮಂದಿಯ ದೇಹಗಳನ್ನು ಅವರು ಪರೀಕ್ಷಿಸಿದರು. ಪ್ರತಿಯೊಂದು ನರವೂ ಬೆನ್ನುಹುರಿಯನ್ನು ಸೇರುವ ಮುನ್ನ ಒಂದು ಸಣ್ಣ ಗಂಟನ್ನು ಹಾದುಹೋಗುತ್ತದೆ. ಇದಕ್ಕೆ ನರಗಂಟು ಎನ್ನಬಹುದು. ಗುಳ್ಳೆಗಳೆದ್ದ ಪಟ್ಟಿಗೆ ಸೇರಿದ ನರಗಂಟಿನಲ್ಲಿಯೇ ಬಾವು, ರಕ್ತಸ್ರಾವ ಮೊದಲಾದ ಗುರುತುಗಳಿದ್ದುವೆಂದು ಅವರು ೧೯೦೦ರಲ್ಲಿ ಪ್ರಕಟಿಸಿದರು.

ರೋಗದ ಬೀಜ ಎಲ್ಲಿಂದ ಬಂತು?

ನರಗಂಟಿನೊಳಗೆ ಕಿಚ್ಚು ಹೊತ್ತಿಸಿದವರಾರು? ಇದಕ್ಕೆ ಸುಳಿವು ಸಿಕ್ಕಿದುದು ಬೇರೊಂದು ಕಡೆಯಿಂದ. ಬುಡಾಪೆಸ್ಟ್ ನಗರದ ಮಕ್ಕಳ ವೈದ್ಯ ಬೋಕಾಯ್ ಎಂಬವರು, ಮನೆಯ ಹಿರಿಯರೊಬ್ಬರಿಗೆ ಸರ್ಪಸುತ್ತು ಬಂದ ಕೆಲವು ದಿನಗಳಲ್ಲಿ ಆ ಮನೆಯ ಮಕ್ಕಳಿಗೆ ಸೀತಾಳೆ ಸಿಡುಬು, ಎಂದರೆ ಚಿಕನ್‌ಪಾಕ್ಸ್, ಬರುವುದನ್ನು ಗಮನಿಸಿ ೧೯ನೆಯ ಶತಮಾನದ ಕೊನೆಯಲ್ಲಿಯೇ ಬರೆದರು. ಎರಡು ರೋಗಗಳ ಬೀಜ ಒಂದೇ ಇರಬಹುದೆ? ಅಮೆರಿಕದ ಥಾಮಸ್ ವೆಲ್ಲರ್ ಎಂಬ ವಿಜ್ಞಾನಿ ೧೯೫೦ರ ದಶಕದಲ್ಲಿ ಎರಡೂ ರೋಗಗಳ ಗುಳ್ಳೆಗಳ ನೀರಿನಿಂದ ವೈರಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಅವು ಒಂದೇ ಎಂದು ತೋರಿಸಿದರು. ಪೋಲಿಯೊ ವೈರಸನ್ನು ಬೆಳೆಸುವ ವಿಧಾನವನ್ನು ಕಂಡುಹಿಡಿದುದಕ್ಕಾಗಿ ೧೯೫೪ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೂವರಲ್ಲಿ ಇವರೂ ಒಬ್ಬರು.

ಈ ವೈರಸಿಗೆ ವ್ಯಾರಿಸೆಲ್ಲ-ಜೋಸ್ಟರ್ ಎಂದು ಹೆಸರು. ಇದರ ಕಣದ ಅಡ್ಡಳತೆ ೧೫೦ರಿಂದ ೨೦೦ ನ್ಯಾನೊಮೀಟರ್. ಒಂದು ಮಿಲಿಮೀಟರಿನ ಉದ್ದದಲ್ಲಿ ಐದು ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ಬಾಲ್ಯದಲ್ಲಿ ಸೀತಾಳೆ ಸಿಡುಬು ಬಂದು ವಾಸಿಯಾದ ಮೇಲೂ ಇದು ದೇಹವನ್ನು ಬಿಟ್ಟು ಹೋಗುವುದಿಲ್ಲ. ನರಗಂಟುಗಳನ್ನು ಸೇರಿ, ಅಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಅಡಗಿರುತ್ತದೆ. ಹಾವು ಹೊರಗಿನಿಂದ ಬಂದು ಸುತ್ತಿಕೊಳ್ಳಲಿಲ್ಲ. ಬಾಲ್ಯದಿಂದಲೂ ಹುತ್ತದೊಳಗೇ ಮಲಗಿತ್ತು.

ಅದು ಎಚ್ಚರಗೊಳ್ಳುವುದು ಯಾವಾಗ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರು ದೊಡ್ಡ ಪ್ರಯೋಗಶಾಲೆಯವರಲ್ಲ. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದ ಸಾಮಾನ್ಯ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ತಮ್ಮ ಬಳಿ ಬರುತ್ತಿದ್ದ ಸುಮಾರು ೩,೫೦೦ ಜನರಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಈ ರೋಗ ಬಂತೆಂಬುದನ್ನು ೧೬ ವರ್ಷ ಎಡೆಬಿಡದೆ ಬರೆದಿಟ್ಟು, ೧೯೬೫ರಲ್ಲಿ ಲೆಕ್ಕವನ್ನು ಪ್ರಕಟಿಸಿದರು. ಒಟ್ಟು ೧೯೨ ಮಂದಿ ರೋಗಿಗಳು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಿಗೂ ರೋಗ ಬರುತ್ತಿರಲಿಲ್ಲ. ಎಂಬತ್ತು ದಾಟಿದವರಲ್ಲಿ ಸಾವಿರಕ್ಕೆ ಸುಮಾರು ಹತ್ತು ಮಂದಿಗೆ ಬರುತ್ತಿತ್ತು. ವಯಸ್ಸಾದಂತೆ ದೇಹದ ಕಾವಲು ಸಡಿಲವಾಗುತ್ತದೆ, ಆಗ ಅಡಗಿದ್ದ ವೈರಸು ತಲೆಯೆತ್ತುತ್ತದೆ ಎಂದು ಅವರು ಊಹಿಸಿದರು. ೧೯೮೩ರಲ್ಲಿ ಮನುಷ್ಯನ ನರಗಂಟುಗಳಲ್ಲಿ ಈ ವೈರಸಿನ ಡಿ.ಎನ್.ಎ. ಪತ್ತೆಯಾಯಿತು, ಊಹೆ ಸ್ಥಿರಪಟ್ಟಿತು. ಒಬ್ಬ ವೈದ್ಯ, ಒಂದು ಲೆಕ್ಕದ ಪುಸ್ತಕ, ೧೬ ವರ್ಷದ ತಾಳ್ಮೆ. ವಿಜ್ಞಾನಕ್ಕೆ ಇಷ್ಟು ಸಾಕಾಗುವುದೂ ಉಂಟು.

ಐವತ್ತು ದಾಟಿದವರಲ್ಲದೆ, ಸಕ್ಕರೆ ಕಾಯಿಲೆಯವರು, ಎಚ್.ಐ.ವಿ. ಸೋಂಕುಳ್ಳವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಬಹುಕಾಲ ಸ್ಟೀರಾಯ್ಡ್ ಔಷಧಿ ಸೇವಿಸುವವರು ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ತರುಣರಿಗೂ ಒಮ್ಮೊಮ್ಮೆ ಬರಬಹುದು. ಸೀತಾಳೆ ಸಿಡುಬಿನ ಲಸಿಕೆ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲವಾದ ಕಾರಣ, ನಮ್ಮ ಹಿರಿಯರಲ್ಲಿ ಬಹುಪಾಲು ಜನ ಈ ವೈರಸನ್ನು ಹೊತ್ತವರೇ.

ಗುರುತಿಸುವ ಬಗೆ

ಸರ್ಪಸುತ್ತಿನ ಒಂದು ಕುಟಿಲತೆಯೆಂದರೆ, ಗುಳ್ಳೆಗಳಿಗಿಂತ ಎರಡು ಮೂರು ದಿನ ಮುಂಚೆಯೇ ನೋವು ಬರುವುದು. ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಒಳಗೆ ಮಾತ್ರ ಸೂಜಿ ಚುಚ್ಚಿದಂತೆ, ಬೆಂಕಿ ತಾಗಿದಂತೆ ಉರಿ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು ಇದನ್ನು ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿಸಬಹುದು. ಭತ್ತದ ಗದ್ದೆಯಲ್ಲಿ ನಾಟಿ ಮಾಡುವವಳು ಗುಳ್ಳೆ ಕಂಡ ಮೇಲೂ ಹುಳು ಮುಟ್ಟಿತೆಂದು ಸುಮ್ಮನಿರಬಹುದು. ಕುಷ್ಟಗಿ, ಯಲಬುರ್ಗಾಗಳ ಬಿಸಿಲಿನಲ್ಲಿ ದುಡಿಯುವ ಒಕ್ಕಲಿಗನು ಉಷ್ಣವಾಯಿತೆಂದು ಮಜ್ಜಿಗೆ ಕುಡಿದು ಮಲಗಬಹುದು. ವೈದ್ಯರೂ ಈ ಹಂತದಲ್ಲಿ ಮೂತ್ರಪಿಂಡದ ಕಲ್ಲೋ ಕರುಳಿನ ಬಾಧೆಯೋ ಎಂದು ಶಂಕಿಸುವುದುಂಟು. ಎದೆನೋವು ಬಂದಾಗ ಮಾತ್ರ ಅದು ಸರ್ಪಸುತ್ತಿನ ಮುನ್ಸೂಚನೆಯಿರಬಹುದೆಂದು ಕಾಯುತ್ತ ಕುಳ್ಳಿರದೆ, ಹೃದಯದ ಪರೀಕ್ಷೆಯನ್ನು ಮೊದಲು ಮಾಡಿಸಬೇಕು.

ಗುಳ್ಳೆಗಳು ಎದ್ದ ಮೇಲೆ ಗುರುತಿಸುವುದು ಕಷ್ಟವಲ್ಲ. ದೇಹದ ಒಂದೇ ಪಕ್ಕ, ಪಟ್ಟಿಯಾಕಾರ, ಗೊಂಚಲು ಗೊಂಚಲಾದ ಗುಳ್ಳೆಗಳು, ಜೊತೆಗೆ ಉರಿನೋವು: ಈ ನಾಲ್ಕು ಕೂಡಿದ್ದರೆ ಅನುಭವಿ ವೈದ್ಯರು ನೋಡಿದೊಡನೆ ಹೇಳಬಲ್ಲರು. ಸಂದೇಹವಿದ್ದಲ್ಲಿ ಗುಳ್ಳೆಯ ತಳವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯೂ, ವೈರಸಿನ ಡಿ.ಎನ್.ಎ.ಯನ್ನು ಪತ್ತೆ ಹಚ್ಚುವ ಪಿ.ಸಿ.ಆರ್. ಪರೀಕ್ಷೆಯೂ ಇವೆ.

ಎರಡು ಸ್ಥಳಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಹಣೆ, ಕಣ್ಣಿನ ರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯವಿದೆ. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವುದು ಒಂದೇ ನರದ ಕವಲು. ಅಂದೇ ಕಣ್ಣಿನ ವೈದ್ಯರಿಗೆ ತೋರಿಸದಿದ್ದರೆ ದೃಷ್ಟಿಯೇ ಹೋಗಬಹುದು. ಕಿವಿಯೊಳಗೆ ಗುಳ್ಳೆ ಎದ್ದು ಮುಖ ಒಂದು ಕಡೆಗೆ ವಾಲಿದರೂ ಅಷ್ಟೇ ಅವಸರ.

ಮೂರು ದಿನಗಳ ಲೆಕ್ಕ

ಈ ರೋಗಕ್ಕೆ ನಿಜವಾದ ಔಷಧಿ ದೊರೆತುದು ೧೯೭೦ರ ದಶಕದಲ್ಲಿ. ಅಮೆರಿಕದಲ್ಲಿ ಹೊವಾರ್ಡ್ ಷೇಫರ್, ಗರ್ಟ್ರೂಡ್ ಎಲಿಯನ್ ಮತ್ತು ಅವರ ಸಂಗಡಿಗರು ಏಸೈಕ್ಲೊವಿರ್ ಎಂಬ ವಸ್ತುವನ್ನು ತಯಾರಿಸಿ, ಅದು ಕೆಲಸ ಮಾಡುವ ಬಗೆಯನ್ನು ಅರಿತರು. ಎಲಿಯನ್ ಅವರು ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯವರೆಗೆ ಮಾತ್ರ ಓದಿ, ಡಾಕ್ಟರೇಟ್ ಪದವಿಗಾಗಿ ಓದುವ ಅನುಕೂಲವಿಲ್ಲದೆಯೇ ಸಂಶೋಧನೆಗೆ ಇಳಿದವರು. ೧೯೮೮ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದರು.

ವೈರಸು ಹೆಚ್ಚಬೇಕಾದರೆ ತನ್ನ ಡಿ.ಎನ್.ಎ. ಸರಪಳಿಯ ನಕಲುಗಳನ್ನು ಕಟ್ಟಬೇಕು. ಇದು ರೈಲುಗಾಡಿಗೆ ಡಬ್ಬಿಗಳನ್ನು ಜೋಡಿಸಿದಂತೆ. ಏಸೈಕ್ಲೊವಿರ್ ನೋಡುವುದಕ್ಕೆ ಸರಿಯಾದ ಡಬ್ಬಿಯಂತೆಯೇ ಇದೆ. ಆದರೆ ಅದಕ್ಕೆ ಮುಂದಿನ ಕೊಂಡಿ ಮಾತ್ರ ಇದೆ, ಹಿಂದಿನ ಕೊಂಡಿಯಿಲ್ಲ. ಅದನ್ನು ಜೋಡಿಸಿದ ಮೇಲೆ ಇನ್ನೊಂದು ಡಬ್ಬಿ ಸೇರಲಾರದು. ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಈ ಔಷಧಿಯನ್ನು ಚಾಲನೆಗೆ ತರುವ ಕಿಣ್ವ ವೈರಸಿನದೇ ಆದುದರಿಂದ ವೈರಸು ಹೊಕ್ಕ ಜೀವಕೋಶಗಳಲ್ಲಿಯೇ ಇದು ಬಲವಾಗಿ ಕೆಲಸ ಮಾಡುತ್ತದೆ; ಆರೋಗ್ಯವಾದ ಕೋಶಗಳಿಗೆ ತೊಂದರೆ ಬಹು ಕಡಮೆ.

ಆದರೆ ಗಮನಿಸಿ: ಇದು ಹೊಸ ಸರಪಳಿಯನ್ನು ತಡೆಯುತ್ತದೆಯೇ ಹೊರತು, ಆಗಲೇ ಆದ ಹಾನಿಯನ್ನು ಅಳಿಸಲಾರದು. ವೈರಸು ಭರದಿಂದ ಹೆಚ್ಚುವುದು ಮೊದಲ ದಿನಗಳಲ್ಲಿ. ಆದಕಾರಣ ಗುಳ್ಳೆ ಕಂಡ ೭೨ ಗಂಟೆಗಳೊಳಗೆ ಔಷಧಿ ಆರಂಭಿಸಬೇಕೆಂಬುದು ನಿಯಮ. ಸೋಮವಾರ ಬೆಳಿಗ್ಗೆ ಗುಳ್ಳೆ ಎದ್ದರೆ ಗುರುವಾರ ಬೆಳಿಗ್ಗೆಗೆ ಗಡುವು ಮುಗಿಯಿತು. ಅಮಾವಾಸ್ಯೆ ಕಳೆಯಲಿ, ಸಂತೆಯ ದಿನ ಹೋದರಾಯಿತು ಎಂದು ಕಾದರೆ ಕಳೆದುಹೋಗುವುದು ಈ ಮೂರು ದಿನಗಳೇ. ಗಡುವು ಮೀರಿದ್ದರೂ ಹೊಸ ಗುಳ್ಳೆಗಳು ಏಳುತ್ತಿದ್ದರೆ, ಅಥವಾ ಕಣ್ಣಿಗೆ ಸಂಬಂಧಿಸಿದ್ದರೆ ವೈದ್ಯರು ಔಷಧಿ ಕೊಡುವರು, ಹೋಗದೆ ಇರಬಾರದು.

ಸಾಮಾನ್ಯವಾಗಿ ಪ್ರಾಪ್ತ ವಯಸ್ಕರಿಗೆ ೮೦೦ ಮಿಲಿಗ್ರಾಂ ಏಸೈಕ್ಲೊವಿರ್ ಮಾತ್ರೆಯನ್ನು ದಿನಕ್ಕೆ ಐದು ಬಾರಿ, ಏಳು ದಿನ ಕೊಡುವ ಪದ್ಧತಿಯಿದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಬೇಕಾದುದರಿಂದ ವೈದ್ಯರೇ ಇದನ್ನು ನಿರ್ಧರಿಸತಕ್ಕದ್ದು. ಏಸೈಕ್ಲೊವಿರ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಸೇರಿದೆ. ಅದರ ಮುಲಾಮನ್ನು ಹಚ್ಚಿದರೆ ಸಾಲದು; ಬೇನೆ ನರದಲ್ಲಿರುವಾಗ ಚರ್ಮದ ಮೇಲಿನ ಲೇಪ ಅಲ್ಲಿಗೆ ತಲುಪದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನಂತೂ ಹಚ್ಚಲೇಬಾರದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗಾಗಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸರಕಾರಿ ಆಸ್ಪತ್ರೆಗಳಲ್ಲಾಗಲಿ ಮೊದಲು ತೋರಿಸಬಹುದು. ಕೊಪ್ಪಳದಲ್ಲಿ ೨೦೧೫ರಿಂದ ಸರಕಾರಿ ವೈದ್ಯಕೀಯ ಕಾಲೇಜೂ ಇದೆ.

ಕೆಮ್ಮಣ್ಣಿನಿಂದ ವಾಸಿಯಾಗುವುದೇ?

ಹಲವು ಊರುಗಳಲ್ಲಿ ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿದು ಮಂತ್ರ ಹಾಕುವ ರೂಢಿಯಿದೆ. ಹೀಗೆ ಮಾಡಿಸಿಕೊಂಡವರು ಗುಣವಾದುದನ್ನು ನಾವೇ ಕಂಡಿದ್ದೇವೆ ಎಂದು ಹಿರಿಯರು ಹೇಳುತ್ತಾರೆ. ಅವರು ಸುಳ್ಳಾಡುತ್ತಿಲ್ಲ. ಇಲ್ಲಿ ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ: ಬಳಿಯದೆ ಇದ್ದಿದ್ದರೆ ಏನಾಗುತ್ತಿತ್ತು?

ಸರ್ಪಸುತ್ತಿನ ಗುಳ್ಳೆಗಳು ಏಳರಿಂದ ಹತ್ತು ದಿನಗಳಲ್ಲಿ ತಾವಾಗಿಯೇ ಒಣಗಿ ಹಕ್ಕಳೆ ಕಟ್ಟುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಉದುರುತ್ತವೆ. ತಾನಾಗಿ ಮಾಯುವ ಗಾಯಕ್ಕೆ ಏನನ್ನು ಹಚ್ಚಿದರೂ ಕೀರ್ತಿ ಹಚ್ಚಿದುದಕ್ಕೆ ಸಲ್ಲುತ್ತದೆ. ಆದುದರಿಂದಲೇ ಔಷಧಿಯನ್ನು ಪರೀಕ್ಷಿಸುವವರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿಯನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಬರಿಯ ಮಾತ್ರೆಯನ್ನೂ ಕೊಟ್ಟು ಹೋಲಿಸುತ್ತಾರೆ. ಏಸೈಕ್ಲೊವಿರ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ: ಅದನ್ನು ಪಡೆದವರಲ್ಲಿ ಗುಳ್ಳೆಗಳು ಬೇಗ ಒಣಗಿದುವು, ಆರಂಭದ ನೋವು ತಗ್ಗಿತು, ಕಣ್ಣಿನ ತೊಡಕುಗಳು ಕಡಮೆಯಾದುವು. ಕೆಮ್ಮಣ್ಣು ಬಳಿಯುವವನು ನೋಡುವುದು ಚರ್ಮವನ್ನು. ಬೇನೆ ಇರುವುದು ನರದಲ್ಲಿ. ಅವನ ಕೈಯಲ್ಲಿ ಚರ್ಮ ಮಾಯುತ್ತಿರುವಾಗ ಮೂರು ದಿನಗಳ ಗಡುವು ಸದ್ದಿಲ್ಲದೆ ಕಳೆದಿರುತ್ತದೆ. ಹಿರಿಯರ ನಂಬಿಕೆಯನ್ನು ಹೀಯಾಳಿಸಬೇಕಾಗಿಲ್ಲ. ಪೂಜೆಗೆ ಮೊದಲು ಆಸ್ಪತ್ರೆಗೆ ಹೋಗಿಬರೋಣವೆಂದು ವಿನಯದಿಂದ ಕೇಳಿಕೊಂಡರೆ ಸಾಕು.

ರೋಗಿಯ ಆರೈಕೆ

ಗುಳ್ಳೆಗಳನ್ನು ಒಡೆಯಬಾರದು. ಸುಣ್ಣ, ಬೂದಿ, ಹೊಗೆಸೊಪ್ಪು ಮೊದಲಾದುವನ್ನು ಹಚ್ಚಬಾರದು; ಅವುಗಳಿಂದ ಕೀವಾಗುವ ಸಂಭವವಿದೆ. ಸ್ನಾನಕ್ಕೆ ನಿಷೇಧವಿಲ್ಲ, ಸಾಬೂನು, ನೀರಿನಿಂದ ಮೃದುವಾಗಿ ತೊಳೆದು ಒಣಗಿಸಬೇಕು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಉರಿ ತಗ್ಗುತ್ತದೆ. ಸಡಿಲವಾದ ಹತ್ತಿಯ ಉಡುಪು ಹಿತಕರ. ಪಥ್ಯವೆಂದು ಊಟವನ್ನು ಕಡಮೆ ಮಾಡಬೇಕಾಗಿಲ್ಲ.

ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಹಿಂದೆ ಸೀತಾಳೆ ಸಿಡುಬು ಬಾರದವರಿಗೆ ಆ ಸಿಡುಬು ಬರಬಹುದು. ಆದುದರಿಂದ ಹಕ್ಕಳೆ ಕಟ್ಟುವವರೆಗೆ ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿಟ್ಟು, ಹಸುಗೂಸುಗಳಿಂದಲೂ ಸಿಡುಬು ಬಾರದ ಗರ್ಭಿಣಿಯರಿಂದಲೂ ದೂರವಿರಬೇಕು. ಇಷ್ಟು ಪಾಲಿಸಿದರೆ ಸಾಕು. ರೋಗಿಯನ್ನು ಮೈಲಿಗೆಯೆಂದು ಒಂಟಿಯಾಗಿ ಕೂಡಿಹಾಕುವುದು ಅನಾವಶ್ಯಕ.

ಉಳಿದುಬಿಡುವ ನೋವು

ಗುಳ್ಳೆ ಮಾಯ್ದ ಮೇಲೂ ಕೆಲವರಲ್ಲಿ ನೋವು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಸುಮಾರು ಹತ್ತು ರೋಗಿಗಳಲ್ಲಿ ಒಬ್ಬರಿಗಾದರೂ ಹೀಗಾಗುವುದುಂಟು. ವೃದ್ಧರಲ್ಲಿ ಇನ್ನೂ ಹೆಚ್ಚು. ತಂತಿಯ ಹೊದಿಕೆ ಸುಟ್ಟರೆ ಒತ್ತುಗುಂಡಿಯನ್ನು ಮುಟ್ಟದಿದ್ದರೂ ಕರೆಗಂಟೆ ಬಾರಿಸುವಂತೆ, ಹಾಳಾದ ನರ ಕಾರಣವಿಲ್ಲದೆ ನೋವಿನ ಸುದ್ದಿಯನ್ನು ಕಳುಹಿಸುತ್ತಲೇ ಇರುತ್ತದೆ. ಅಂಗಿಯ ಅಂಚು ತಾಗಿದರೂ, ಗಾಳಿ ಸೋಕಿದರೂ ಉರಿ. ಚರ್ಮದ ಮೇಲೆ ಗುರುತೇ ಇಲ್ಲದ ಕಾರಣ ಮನೆಯವರಿಗೆ ಇದು ನೆಪವೆಂದು ತೋರಬಹುದು. ನೆಪವಲ್ಲ, ನಿಜವಾದ ನೋವು. ಇದಕ್ಕೆ ಸಾಮಾನ್ಯ ನೋವಿನ ಮಾತ್ರೆ ಹೆಚ್ಚು ನಾಟುವುದಿಲ್ಲ. ನರದ ಅತಿಚಟುವಟಿಕೆಯನ್ನು ಶಾಂತಗೊಳಿಸುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ವೈರಸಿನ ಔಷಧಿಯನ್ನು ಬೇಗ ಆರಂಭಿಸಿದರೂ ಈ ನೋವು ಉಳಿಯುವುದೇ ಇಲ್ಲವೆಂದು ಭರವಸೆ ಕೊಡಲಾಗದು.

ಆದುದರಿಂದ ರೋಗವನ್ನೇ ತಡೆಯುವುದು ಮೇಲು. ಐವತ್ತು ದಾಟಿದವರಿಗಾಗಿ ತಯಾರಿಸಿದ ಲಸಿಕೆಯೊಂದು ೨೦೧೫ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ನೂರಕ್ಕೆ ೯೭ರಷ್ಟು ಫಲ ಕೊಟ್ಟಿತು. ಶಿಂಗ್ರಿಕ್ಸ್ ಎಂಬ ಹೆಸರಿನ ಇದು ೨೦೨೩ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಿಸಿಕೊಳ್ಳಬೇಕು. ಬೆಲೆ ಸಾವಿರಾರು ರೂಪಾಯಿ. ದಿನಗೂಲಿಯ ಮನೆಗೆ ಅದು ಸುಲಭದ ಮಾತಲ್ಲ. ಅಂತಹ ಮನೆಗಳಿಗೆ ಉಳಿದಿರುವ ಬಲವೆಂದರೆ ಆ ಮೂರು ದಿನಗಳ ತಿಳಿವಳಿಕೆಯೇ.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಇನ್ನು ಹಲವು ವರ್ಷ ಈ ರೋಗದ ಭಯವಿಲ್ಲ. ಆದರೆ ಅಜ್ಜ ಅಜ್ಜಿಯರು ಮನೆಯಲ್ಲಿರುವವರು ಅನೇಕರು. ಪಕ್ಕೆಯಲ್ಲಿ ಉರಿಯೆಂದು ಅಜ್ಜಿ ಹೇಳಿದಾಗ, ಸೆರಗು ಸರಿಸಿ ಗುಳ್ಳೆಗಳು ಒಂದೇ ಪಕ್ಕದಲ್ಲಿವೆಯೇ ಎಂದು ನೋಡುವುದೂ, ಎದ್ದು ಎಷ್ಟು ಗಂಟೆಯಾಯಿತೆಂದು ಎಣಿಸುವುದೂ, ಮುಂದಿನ ಬಸ್ಸಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಓದಿದ ಮೊಮ್ಮಕ್ಕಳಿಂದ ಆಗಬೇಕಾದ ಕೆಲಸ.